ಜನವರಿವರೆಗೆ ತಡೆದರೆ ಲಾಭ

ಸಿನ್ಸಿನಾಟಿ
20 ಅಕ್ಟೋಬರ್ 2008

ಪ್ರೀತಿಯ ಆರ್ಡಿಸ್ ಅಕ್ಕ,

ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟುಬಿಟ್ಟೆ. ಇಪ್ಪತ್ತೆರಡು ವರ್ಷ ಕಾಗದ ಸುತ್ತುವ ಯಂತ್ರದ ಪಕ್ಕ ನಿಂತ ಕಿವಿ ನಿನ್ನದು. ನಾನು ಇಲ್ಲಿಂದ ಕೂಗುವುದು, ನೀನು ಅಲ್ಲಿಂದ "ಏನಂದೆ?" ಎನ್ನುವುದು, ಕೊನೆಗೆ ಇಬ್ಬರಿಗೂ ಸಿಟ್ಟು ಬರುವುದು. ಪತ್ರವೇ ವಾಸಿ.

ಸಂತೋಷದ ಸುದ್ದಿ ಇದೆ. ಸಂಬಳದ ಲೆಕ್ಕ ಬರೆಯುವ ಮೂಲೆಯಿಂದ ನನ್ನನ್ನು ನೌಕರರ ಸೌಲಭ್ಯ ವಿಭಾಗಕ್ಕೆ ಹಾಕಿದ್ದಾರೆ. ಕಿಟಕಿ ಇರುವ ಕೋಣೆ! ಕಂಪನಿಯ ಆರೂ ಮಿಲ್ಲುಗಳಿಗೆ ಜನವರಿಯಿಂದ ಹೊಸ ಆರೋಗ್ಯ ವಿಮೆ ಬರುತ್ತಿದೆ. ಅದನ್ನು ಜನಕ್ಕೆ ಬಿಡಿಸಿ ಹೇಳುವುದು ನನ್ನ ಕೆಲಸ. ನಿಮ್ಮ ಪೈಕ್ ಬೆಂಡ್ ಮಿಲ್ಲು ನನ್ನ ಪಾಲಿಗೇ ಬಂದಿದೆ.

ಲೈಲ್ ಭಾವನಿಗೆ ಹೀಗೆ ಹೇಳು. ಈಗ ವಿಮೆಗೆಂದು ವಾರಕ್ಕೆ ಎಂಬತ್ತನಾಲ್ಕು ಡಾಲರ್ ಸಂಬಳದಲ್ಲಿ ಮುರಿಯುತ್ತಾರಲ್ಲ, ಹೊಸದರಲ್ಲಿ ಇಪ್ಪತ್ತೊಂಬತ್ತೇ. ಬದಲಿಗೆ ವರ್ಷದ ಮೊದಲ ನಾಲ್ಕು ಸಾವಿರದ ಖರ್ಚು ನಿಮ್ಮದು, ಅದು ದಾಟಿದ ಮೇಲೆ ವಿಮೆಯವರದು. ಗಾಬರಿಯಾಗಬೇಡ. ಆ ನಾಲ್ಕು ಸಾವಿರಕ್ಕೆಂದೇ ಒಂದು ಆರೋಗ್ಯ ಖಾತೆ ತೆರೆಯುತ್ತಾರೆ. ಪ್ರತಿ ಜನವರಿ ಕಂಪನಿ ಅದರಲ್ಲಿ ಸಾವಿರ ಹಾಕುತ್ತದೆ. ವಾರ ವಾರ ಉಳಿದದ್ದನ್ನು ನೀವು ಹಾಕಿ. ಹಾಕುವಾಗ ತೆರಿಗೆ ಇಲ್ಲ, ಬೆಳೆಯುವಾಗ ಇಲ್ಲ, ಔಷಧಕ್ಕೆ ತೆಗೆಯುವಾಗಲೂ ಇಲ್ಲ. ವರ್ಷ ಮುಗಿದರೆ ಮುಳುಗಿಹೋಗುವ ದುಡ್ಡಲ್ಲ ಅದು, ಸಾಯುವತನಕ ನಿಮ್ಮದೇ. ಇಲ್ಲಿ ಆಫೀಸಿನಲ್ಲಿ ಎಲ್ಲರೂ ಇದನ್ನೇ ಹೊಗಳುತ್ತಿದ್ದಾರೆ.

ಬೇಕಾದವರು ಹಳೆಯದನ್ನೇ ಇಟ್ಟುಕೊಳ್ಳಬಹುದು. ಆದರೆ ಭಾವ ಹೊಸದಕ್ಕೆ ಸಹಿ ಹಾಕಿದರೆ ಎರಡನೇ ಪಾಳಿಯ ಅರ್ಧ ಜನ ಹಾಕುತ್ತಾರೆ. ಅವನ ಮಾತೆಂದರೆ ಅಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ. ನನಗೋಸ್ಕರ ಇಷ್ಟು ಮಾಡಿಸುತ್ತೀಯಾ?

ನಿನ್ನ
ಲೂಆನ್


ಪೈಕ್ ಬೆಂಡ್, ವಿಸ್ಕಾನ್ಸಿನ್
9 ನವೆಂಬರ್ 2008

ಲೂ,

ಕಿಟಕಿಯ ಕೋಣೆ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಅಮ್ಮ ಇದ್ದಿದ್ದರೆ ಇಡೀ ಚರ್ಚಿಗೆ ಹೇಳಿಕೊಂಡು ಬರುತ್ತಿದ್ದಳು.

ಮಂಗಳವಾರ ಯೂನಿಯನ್ ಹಾಲಿನಲ್ಲಿ ಸಭೆ ಇತ್ತು. ನಾನು ಮಿಲ್ಲು ಬಿಟ್ಟು ಶಾಲೆಯ ಅಡಿಗೆಮನೆ ಸೇರಿ ನಾಲ್ಕು ವರ್ಷವಾದರೂ ಕಾಫಿ ಕಾಯಿಸುವುದಕ್ಕೆ ಈಗಲೂ ನನ್ನನ್ನೇ ಕರೆಯುತ್ತಾರೆ. ನೀನು ಕಳಿಸಿದ ಹಾಳೆಗಳನ್ನು ಹಂಚಿದರು. ಯಾರಿಗೂ ತಲೆಬುಡ ತಿಳಿಯಲಿಲ್ಲ. ಎದುರು ಮನೆಯ ವರ್ಜಿಲ್ ಎದ್ದು, "ಕಂಪ್ನಿಯೋರು ಸುಮ್‌ಸುಮ್ನೆ ಸಾವಿರ ಡಾಲರ್ ಕೊಡ್ತಾರೆ ಅಂದ್ರೆ ಹಿಂದ್ಗಡೆಯಿಂದ ಎರಡು ಸಾವಿರ ಕಿತ್ಕೋತಾರೆ ಕಣ್ರಪ್ಪಾ" ಎಂದ. ಎಲ್ಲರೂ ನಕ್ಕರು.

ಆಗ ನಮ್ಮವನು ಎದ್ದ. ಸಭೆಯಲ್ಲಿ ಅವನು ಬಾಯಿಬಿಟ್ಟಿದ್ದನ್ನು ನಾನು ಮೂವತ್ನಾಲ್ಕು ವರ್ಷದಲ್ಲಿ ನೋಡಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನೋಡ್ರೋ, ಈ ಹಾಳೆ ನಂಗೂ ಅರ್ಥ ಆಗಿಲ್ಲ. ಆದ್ರೆ ಬರ್ದಿರೋಳು ನನ್ ನಾದಿನಿ. ನನ್ ಮದ್ವೇಲಿ ಹೂವಿನ್ ಬುಟ್ಟಿ ಹಿಡ್ಕೊಂಡ್ ನಡ್ದೋಳು. ಅವ್ಳು ನಂಗೆ ಕೆಟ್ಟದ್ ಬಯಸ್ತಾಳಾ?" ಎಂದು ಕೂತುಬಿಟ್ಟ.

ಅಷ್ಟೇ ಭಾಷಣ. ನೂರ ನಲವತ್ತಮೂರು ಜನ ಸಹಿ ಹಾಕಿದರು. ಹಾಕದವರಲ್ಲಿ ವರ್ಜಿಲ್ ಒಬ್ಬ. "ನಂಗೆ ಹೂವಿನ್ ಬುಟ್ಟಿ ನಾದಿನಿ ಇಲ್ವಲ್ಲಪ್ಪ" ಅಂದ.

ಮಗಳು ಕೆಲ್ಸಿಯ ಉಬ್ಬಸ ಹೇಗಿದೆ?

ಆರ್ಡಿಸ್


ಸಿನ್ಸಿನಾಟಿ
2 ಫೆಬ್ರವರಿ 2009

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ನನ್ನ ಮೇಲಧಿಕಾರಿಗೆ ಓದಿ ಹೇಳಿದೆ. ಹೂವಿನ ಬುಟ್ಟಿ ಕೇಳಿ ಅವರು ಬಿದ್ದು ಬಿದ್ದು ನಕ್ಕರು. ಆರು ಮಿಲ್ಲುಗಳಲ್ಲಿ ನಿಮ್ಮದೇ ಮೊದಲು, ಶೇಕಡ ಎಂಬತ್ತೊಂದು. ನನ್ನನ್ನು ವಿಭಾಗದ ಉಪಮುಖ್ಯಸ್ಥೆ ಮಾಡಿದ್ದಾರೆ. ಇದರಲ್ಲಿ ಅರ್ಧ ಪಾಲು ಭಾವನದು. ಬೇಸಿಗೆಯಲ್ಲಿ ಬಂದಾಗ ಅವನಿಗೆ ಒಳ್ಳೆಯ ಬ್ರಾಂದಿ ತರುತ್ತೇನೆ.

ಖಾತೆಯಿಂದ ಪೂರ್ತಿ ಲಾಭ ಪಡೆಯುವ ಗುಟ್ಟು ನಿನಗೆ ಮಾತ್ರ ಹೇಳುತ್ತೇನೆ. ಹೆಚ್ಚಿನವರು ದುಡ್ಡು ಬಂದ ತಕ್ಷಣ ಕನ್ನಡಕ, ಹಲ್ಲು ಎಂದು ಬಳಿದು ಖಾಲಿ ಮಾಡುತ್ತಾರೆ. ಹಾಗೆ ಮಾಡಬೇಡ. ಸಣ್ಣಪುಟ್ಟದ್ದನ್ನು ಕೈಯಿಂದ ಕೊಡು, ರಸೀದಿ ಎತ್ತಿಡು, ಖಾತೆ ಮುಟ್ಟಬೇಡ. ಹತ್ತು ವರ್ಷ ಬಿಟ್ಟರೆ ಅದು ಮರವಾಗುತ್ತದೆ. ಖಾತೆಗೆ ಕೈ ಹಾಕದವನೇ ಗೆದ್ದವನು ಎಂದು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ.

ಕೆಲ್ಸಿಯನ್ನು ಈ ಚಳಿಗಾಲ ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಪರವಾಗಿಲ್ಲ. ನಮ್ಮ ಯಜಮಾನ ಡುವೇನ್‌ಗೆ ಬೆನ್ನುನೋವು, ಅವನ ಗೊಣಗಾಟ ನನಗೆ ತಲೆನೋವು. ಭಾವ ಹೇಗಿದ್ದಾನೆ?

ಲೂ


ಪೈಕ್ ಬೆಂಡ್
28 ಜೂನ್ 2009

ಲೂ,

ನೀನು ಬೇಸಿಗೆಗೆ ಬರಲಾಗುವುದಿಲ್ಲ ಎಂದು ಬರೆದ ಕಾರ್ಡು ತಲುಪಿತು. ಕೆಲಸ ಇದ್ದರೆ ಏನು ಮಾಡುವುದು.

ಖಾತೆಯ ಚೀಟಿ ತಿಂಗಳಿಗೊಮ್ಮೆ ಬರುತ್ತದೆ. ಲೈಲ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾನೆ, ಮೊಮ್ಮಕ್ಕಳಿಲ್ಲದ ಮನೆಯಲ್ಲಿ ಮೊಮ್ಮಗುವಿನ ಚಿತ್ರ ಅಂಟಿಸಿದ ಹಾಗೆ. ಎರಡು ಸಾವಿರ ದಾಟಿದ ದಿನ ನನ್ನನ್ನು ಶುಕ್ರವಾರದ ಮೀನೂಟಕ್ಕೆ ಕರೆದುಕೊಂಡು ಹೋದ. ದವಡೆ ಹಲ್ಲು ಕೊರೆಯುತ್ತಿದೆ, ಅದನ್ನು ಕೀಳಿಸು ಎಂದರೆ, "ಹಲ್ ಕೊಟ್ಟು ದುಡ್ ಕಳ್ಕೊಳ್ಳೋನಲ್ಲ ನಾನು" ಎಂದು ಎಡಗಡೆ ಅಗಿಯುತ್ತಾನೆ.

ಮತ್ತೆಲ್ಲ ಚೆನ್ನಾಗಿದೆ. ಲೈಲ್ ಸ್ವಲ್ಪ ಬೇಗ ದಣಿಯುತ್ತಾನೆ, ಐವತ್ತೊಂಬತ್ತಾಯಿತಲ್ಲ.

ಆರ್ಡಿಸ್


ಪೈಕ್ ಬೆಂಡ್
18 ಅಕ್ಟೋಬರ್ 2009

ಲೂ,

ಒಂದು ವಿಷಯ ಕೇಳಬೇಕಿತ್ತು. ನಮಗಲ್ಲ, ವರ್ಜಿಲ್‌ಗೆ. ಅವನೂ ಈ ವರ್ಷ ಹೊಸ ವಿಮೆಗೆ ಬಂದಿದ್ದಾನೆ. ಅವನಿಗೆ ಮಿಲ್ಲಿನ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದಂತೆ. ಮೂರನೆಯ ಅಂತಸ್ತಿನಲ್ಲಿ ನಿಂತು, ಬೂಟಿನ ದಾರ ಕಟ್ಟುವವನ ಹಾಗೆ ನಟಿಸಿ, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಾನಂತೆ. ಕ್ಲಿನಿಕ್ಕಿನ ಡಾಕ್ಟರಮ್ಮ, ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯ ಪರೀಕ್ಷೆ ಮಾಡಬೇಕು, ಆಮೇಲೆ ರಕ್ತನಾಳಕ್ಕೆ ಏನೋ ಕೂರಿಸಬೇಕಾಗಬಹುದು ಎಂದಿದ್ದಾರೆ. ಪರೀಕ್ಷೆಗೇ ಎರಡು ಸಾವಿರದ ಎಂಟುನೂರು. ನವೆಂಬರ್ ಆರಕ್ಕೆ ದಿನ ಕೊಟ್ಟಿದ್ದಾರೆ.

ಅವನ ಹೆಂಡತಿ, ನಿನ್ ತಂಗಿ ಎಲ್ಲಾ ತಿಳ್ದೋಳು, ಒಂದ್ ಮಾತು ಕೇಳೇ ಎಂದಳು. ಈಗಲೇ ಮಾಡಿಸುವುದೋ, ತಡೆಯುವುದೋ? ಬೇಗ ಬರೆ.

ಆರ್ಡಿಸ್


ಸಿನ್ಸಿನಾಟಿ
27 ಅಕ್ಟೋಬರ್ 2009

ಪ್ರೀತಿಯ ಅಕ್ಕ,

ಆತುರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ವರ್ಷಕ್ಕೆ ಹೆಸರು ಬರೆಸುವ ತಿಂಗಳಲ್ಲವೇ, ಇಲ್ಲಿ ಉಸಿರಾಡಲೂ ಪುರಸೊತ್ತಿಲ್ಲ.

ವರ್ಜಿಲ್ ಕೊನೆಗೂ ಹೊಸ ವಿಮೆಗೆ ಬಂದನಲ್ಲ! ಒಳ್ಳೆಯದಾಯಿತು. ಅವನ ಹೆಂಡತಿಗೆ ಹೇಳು, ಇದು ನನ್ನನ್ನು ಜನ ಅತಿ ಹೆಚ್ಚು ಕೇಳುವ ಪ್ರಶ್ನೆ, ಉತ್ತರ ಸುಲಭ. ಜನವರಿವರೆಗೆ ತಡೆದರೆ ಲಾಭ. ಮೊದಲ ನಾಲ್ಕು ಸಾವಿರದ ಲೆಕ್ಕ ಪ್ರತಿ ಜನವರಿ ಒಂದಕ್ಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನವೆಂಬರಿನಲ್ಲಿ ಪರೀಕ್ಷೆ ಮಾಡಿಸಿ ಜನವರಿಯಲ್ಲಿ ಚಿಕಿತ್ಸೆ ಮಾಡಿಸಿದರೆ ಎರಡು ಸಲ ಕೈಯಿಂದ ಕಕ್ಕಬೇಕು. ಎರಡನ್ನೂ ಒಂದೇ ವರ್ಷಕ್ಕೆ ಹಾಕಿದರೆ ಒಂದು ಸಲ. ಮೇಲೆ ಜನವರಿಯಲ್ಲಿ ಕಂಪನಿಯ ಸಾವಿರವೂ ಬಂದು ಬೀಳುತ್ತದೆ. ಸುಮ್ಮನೆ ಮೂರು ಸಾವಿರ ಯಾಕೆ ಕಳೆದುಕೊಳ್ಳಬೇಕು?

ತುರ್ತಾಗಿದ್ದರೆ ಬೇರೆ ಮಾತು. ಆದರೆ ಡಾಕ್ಟರೇ ಆರಾಮವಾಗಿ ದಿನ ಕೊಟ್ಟು ಕಳಿಸಿದ್ದಾರೆ ಎಂದಮೇಲೆ ಅಂಥದ್ದೇನೂ ಇರಲಾರದು.

ಭಾವ ಚೆನ್ನಾಗಿದ್ದಾನಲ್ಲ? ಈ ಸಲವೂ ಅವನನ್ನು ಸಭೆಯಲ್ಲಿ ಎರಡು ಮಾತಾಡಿಸು.

ಲೂ


ಸಿನ್ಸಿನಾಟಿ
22 ಡಿಸೆಂಬರ್ 2009

ನನ್ನ ಅಕ್ಕ,

ಭಾವನನ್ನು ಮಣ್ಣು ಮಾಡಿ ನಾವು ವಾಪಸು ಬಂದು ನಾಲ್ಕು ದಿನವಾಯಿತು. ನನಗೆ ಇನ್ನೂ ನಂಬಿಕೆಯಾಗುತ್ತಿಲ್ಲ. ಒಂದು ದಿನ ಕೆಮ್ಮಿದ್ದೂ ಕೇಳದ ಮನುಷ್ಯ ಹೀಗೆ ನಿಂತ ನಿಲುವಿನಲ್ಲಿ ಹೋಗಿಬಿಡುವುದೆಂದರೆ!

ನೀನು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ದುಃಖದಲ್ಲಿರುವವರು ಹಾಗೇ ಇರುತ್ತಾರೆ, ನನಗೆ ಅರ್ಥವಾಗುತ್ತದೆ. ಚರ್ಚಿನ ಕೆಳಕೋಣೆಯಲ್ಲಿ ಊಟವಾದಮೇಲೆ ನಿನ್ನ ಕೈ ಹಿಡಿದುಕೊಳ್ಳೋಣವೆಂದು ಬಂದೆ. ನೀನು ಪಾತ್ರೆ ತೊಳೆಯಲು ಎದ್ದುಹೋದೆ.

ಕಂಪನಿಯ ಕಾಗದಪತ್ರಗಳನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ನೀನು ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡ.

ನಿನ್ನ ಲೂ


ಸಿನ್ಸಿನಾಟಿ
31 ಜನವರಿ 2010

ಅಕ್ಕ,

ಮೂರು ಪತ್ರ ಬರೆದೆ, ಉತ್ತರವಿಲ್ಲ. ವರ್ಜಿಲ್ ಮನೆಗೆ ಫೋನ್ ಮಾಡಿದೆ. "ಇದ್ದಾಳೆ, ಶಾಲೆಗೆ ಹೋಗ್ತಾಳೆ, ಬರ್ತಾಳೆ" ಎಂದ. ಅವನ ಎದೆಯ ಪರೀಕ್ಷೆ ಏನಾಯಿತು ಎಂದು ಕೇಳಿದೆ. ಅವನು "ನಿಮ್ಮಕ್ಕನ್ನೇ ಕೇಳಮ್ಮ" ಎಂದು ಇಟ್ಟುಬಿಟ್ಟ. ಅವನಿಗೇನು ಕೋಪವೋ ತಿಳಿಯಲಿಲ್ಲ.

ಈ ಫಾರಂಗೆ ಸಹಿ ಹಾಕಿ ಕಳಿಸು. ಭಾವನ ಖಾತೆಯಲ್ಲಿ ಮೂರು ಸಾವಿರದ ನೂರ ನಲವತ್ತು ಡಾಲರ್ ಇದೆ. ಹೆಂಡತಿಯ ಹೆಸರಿಗೆ ಹಾಗೇ ಬರುತ್ತದೆ, ಒಂದು ಪೈಸೆ ತೆರಿಗೆ ಇಲ್ಲ. ಪಾಪ, ಅವನು ಒಂದು ಸಲವೂ ಅದರಿಂದ ತೆಗೆದಿರಲಿಲ್ಲ.

ಕೆಲವು ವಾರ ಇಲ್ಲಿಗೆ ಬಂದು ಇರು.

ಲೂ


ಪೈಕ್ ಬೆಂಡ್
14 ಮಾರ್ಚ್ 2010

ಲೂಆನ್,

ಫಾರಂ ಇದರ ಜೊತೆ ಇದೆ. ಸಹಿ ಹಾಕಿದ್ದೇನೆ.

ವರ್ಜಿಲ್‌ನ ಎದೆ ಗಟ್ಟಿಯಾಗಿದೆ. ಅದಕ್ಕೆ ಯಾವತ್ತೂ ಏನೂ ಆಗಿರಲಿಲ್ಲ. ಅವನು ಹೊಸ ವಿಮೆಗೆ ಬರಲೂ ಇಲ್ಲ. ಶವಪೆಟ್ಟಿಗೆಯ ಮುಂದಿನ ಎಡಮೂಲೆಗೆ ಹೆಗಲು ಕೊಟ್ಟವನು ಅವನೇ, ನೀನು ನೋಡಿದೆಯಲ್ಲ. ಮೂರನೆಯ ಅಂತಸ್ತಿನಲ್ಲಿ ಬೂಟಿನ ದಾರ ಕಟ್ಟುತ್ತಿದ್ದವನು ಲೈಲ್.

ನಿನ್ನ ಉತ್ತರ ಬಂದ ಶುಕ್ರವಾರ ಊಟದ ಮೇಜಿನಲ್ಲಿ ಅವನು ಕೇಳಿದ. "ಆರನೇ ತಾರೀಕು ಹೋಗೋಣ್ವಾ ಆರ್ಡಿ? ಯಾಕೋ ಹೋಗ್ಬಿಡೋಣ ಅನ್ಸುತ್ತೆ." ನಾನು ಎದ್ದು ಹೋಗಿ ನಿನ್ನ ಪತ್ರ ತಂದು ಗಟ್ಟಿಯಾಗಿ ಓದಿದೆ. ಅವನು ಪೂರ್ತಿ ಕೇಳಿ, "ಲೂ ಹೇಳಿದ್ಮೇಲೆ ಸರಿ. ಇನ್ನೇನ್ ಎರಡ್ ತಿಂಗ್ಳು" ಎಂದ. ಕ್ಯಾಲೆಂಡರಿನಲ್ಲಿ ಜನವರಿ ನಾಲ್ಕಕ್ಕೆ ಸುತ್ತು ಹಾಕಿದ. ಕ್ಲಿನಿಕ್ಕಿಗೆ ಫೋನ್ ಮಾಡಿ ದಿನ ಬದಲಾಯಿಸಿದ್ದು ನಾನು.

ಡಿಸೆಂಬರ್ ಹನ್ನೆರಡು, ಶನಿವಾರ. ಕೆರೆ ಹೆಪ್ಪುಗಟ್ಟಿತ್ತು. ವರ್ಜಿಲ್ ಜೊತೆ, ಒಳಗೆ ಕೂತು ಮೀನು ಹಿಡಿಯುವ ಮರದ ಗುಡಿಸಲನ್ನು ಮಂಜುಗಡ್ಡೆಯ ಮೇಲೆ ಎಳೆಯಲು ಹೋದ. ಬೇಡ ಎಂದೆ. "ಗುಡಿಸ್ಲು ಜಾರತ್ತೆ ಕಣೆ, ನಾನೇನ್ ಹೊರ್ತೀನಾ" ಎಂದ. ಹತ್ತೂವರೆಗೆ ವರ್ಜಿಲ್ ಟೋಪಿ ಇಲ್ಲದೆ ಓಡಿಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತ. "ಆರ್ಡಿಸ್, ಲೈಲ್ ಕೂತ್ಕೊಂಡ. ಸುಮ್ನೆ ಕೂತ್ಕೊಂಡ ಕಣಮ್ಮ. ಎಬ್ಬಿಸ್ದೆ, ಏಳ್ಲಿಲ್ಲ." ಅದನ್ನೇ ನಾಲ್ಕು ಸಲ ಹೇಳಿದ.

ಇಷ್ಟಕ್ಕೆ ನಾನು ನಿನ್ನ ಮೇಲೆ ಕೋಪ ಮಾಡಿಕೊಳ್ಳುತ್ತಿರಲಿಲ್ಲ. ನಾನು ಹೆಸರು ಮುಚ್ಚಿಟ್ಟು ಕೇಳಿದೆ, ನೀನು ಗೊತ್ತಿದ್ದದ್ದನ್ನು ಹೇಳಿದೆ. ತಪ್ಪು ನನ್ನದೇ ಎಂದು ನುಂಗಿಕೊಂಡು ಚರ್ಚಿನಲ್ಲಿ ಕೂತಿದ್ದೆ. ಆಮೇಲೆ ಕೆಳಗೆ ಊಟವಾಯಿತು. ನಿನ್ನ ಗಂಡ ಹ್ಯಾಮಿನ ಬನ್ನು ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತ. ಸಮಾಧಾನ ಹೇಳಲು ಬಂದಿದ್ದ, ಪಾಪ. ನನ್ನ ಒಳ್ಳೆಯ ಕಿವಿಯ ಕಡೆಗೇ ಕೂತ.

"ಆರೋಗ್ಯ ಅನ್ನೋದು ಯಾರ್ ಕೈಲಿದೆ ಅತ್ಗೆ. ನಂದೇ ನೋಡಿ, ಆಗಸ್ಟಲ್ಲಿ ಬೆನ್ನಿಂದು ಆಪರೇಶನ್ ಆಯ್ತಲ್ಲ, ಒಟ್ಟು ಐವತ್ತು ಸಾವ್ರದ್ ಬಿಲ್ಲು. ನಾವ್ ಕೊಟ್ಟಿದ್ ಎಷ್ಟು ಹೇಳಿ? ಇನ್ನೂರು! ನಿಮ್ ತಂಗಿ ಜಾಣೆ. ಹೊಸಾದು ಬಂದಾಗ ನಾನು, ತಗೊಳ್ಳೇ, ವಾರಕ್ ಐವತ್ ಉಳಿಯತ್ತೆ ಅಂದೆ. ಏ ಸುಮ್ನಿರಿ, ಕಾಯ್ಲೆಯೋರಿಗೆ ಹಳೇದೇ ಸರಿ, ಅದು ಗಟ್ಟಿಮುಟ್ಟಾಗಿರೋರಿಗೆ ಅಂದ್ಲು. ಹಳೇದೇ ಇಟ್ಕೊಂಡ್ವಿ, ಬಚಾವಾದ್ವಿ."

ಮತ್ತೆ ಆಲೂಗಡ್ಡೆ ಸಲಾಡ್ ಬಡಿಸಿಕೊಳ್ಳಲು ಎದ್ದುಹೋದ.

ಮನೆಗೆ ಬಂದು ನಿನ್ನ ಮೊದಲ ಪತ್ರ ಹುಡುಕಿ ತೆಗೆದೆ. ನೀನು ಸುಳ್ಳು ಬರೆದಿಲ್ಲ. "ಆಫೀಸಿನಲ್ಲಿ ಎಲ್ಲರೂ ಇದನ್ನೇ ಹೊಗಳುತ್ತಿದ್ದಾರೆ" ಎಂದು ಬರೆದಿದ್ದೀಯ. ತೆಗೆದುಕೊಂಡಿದ್ದಾರೆ ಎಂದು ಬರೆದಿಲ್ಲ.

ಲೈಲ್ ಮೂವತ್ತು ವರ್ಷ ಸಿಗರೇಟು ಸೇದಿದವನು. ಅವನ ಅಪ್ಪ ಐವತ್ತಾರಕ್ಕೆ ಎದೆ ಹಿಡಿದುಕೊಂಡು ಸತ್ತ. ಆ ದಿನ ನೀನು ನಮ್ಮ ಮನೆಯಲ್ಲೇ ಇದ್ದೆ. ಅವನು ಗಟ್ಟಿಮುಟ್ಟಾಗಿರುವವನು ಎಂದು ನಿನಗೆ ಯಾರು ಹೇಳಿದರು?

ಆರ್ಡಿಸ್


ಸಿನ್ಸಿನಾಟಿ
2 ಏಪ್ರಿಲ್ 2010

ಅಕ್ಕ,

ಎರಡು ವಾರ ಆಫೀಸಿಗೆ ಹೋಗಿ ಬಂದೆ, ಏನು ಮಾಡಿದೆನೆಂದು ನೆನಪಿಲ್ಲ.

ನಾವು ಹಳೆಯದನ್ನೇ ಇಟ್ಟುಕೊಂಡೆವು, ನಿಜ. ಕೆಲ್ಸಿಗೋಸ್ಕರ. ತಿಂಗಳ ಔಷಧ, ಆಸ್ಪತ್ರೆ, ಎಲ್ಲ ಲೆಕ್ಕ ಹಾಕಿದರೆ ಹೊಸದು ನಮಗೆ ದುಬಾರಿಯಾಗುತ್ತಿತ್ತು. ಯಾವ ತಾಯಿಯೂ ಹಾಗೇ ಮಾಡುತ್ತಾಳೆ. ಅದನ್ನು ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀವು ಸಹಿ ಹಾಕುತ್ತಿರಲಿಲ್ಲ. ಪ್ರತಿ ಮಿಲ್ಲಿನಿಂದ ನೂರಕ್ಕೆ ಎಂಬತ್ತು ಜನರನ್ನು ತರಬೇಕು ಎಂದು ನನಗೆ ಗುರಿ ಕೊಟ್ಟಿದ್ದರು. ತಂದರೆ ಬಡ್ತಿ. ಭಾವ ಎದ್ದು ನಿಂತರೆ ಪೈಕ್ ಬೆಂಡ್ ಎದ್ದು ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅವನ ಅಪ್ಪನ ವಿಷಯವೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಆ ಹೊತ್ತಿಗೆ ಪಕ್ಕಕ್ಕಿಟ್ಟೆ.

ಬರೆದುಬಿಟ್ಟೆ. ಇನ್ನು ನನ್ನದೂ ಒಂದು ಮಾತು ಕೇಳು. ಪ್ರತಿ ಪತ್ರದಲ್ಲೂ ನಾನು ಭಾವ ಹೇಗಿದ್ದಾನೆ ಎಂದು ಕೇಳಿದೆ. ನೀನು ಎಲ್ಲ ಚೆನ್ನಾಗಿದೆ ಎಂದೆ. ಲೈಲ್ ಎಂಬ ಎರಡಕ್ಷರ ನೀನು ಬರೆದಿದ್ದರೆ ನಾನು ಆ ದಿನವೇ ಕಾರು ಹತ್ತಿ ಬಂದು ಅವನನ್ನು ಪರೀಕ್ಷೆಗೆ ಎಳೆದುಕೊಂಡು ಹೋಗುತ್ತಿದ್ದೆ. ವರ್ಜಿಲ್ ಯಾಕೆ ಬೇಕಿತ್ತು? ನನ್ನ ಎದುರು ಯಾವ ಬಿಗುಮಾನ ನಿನಗೆ?

ಹೋಗುತ್ತಿದ್ದೆ ಎಂದೇ ಅಂದುಕೊಂಡಿದ್ದೇನೆ. ಕೆಲವು ದಿನ ಅದೂ ಖಾತ್ರಿಯಾಗುವುದಿಲ್ಲ.

ಲೂಆನ್


ಪೈಕ್ ಬೆಂಡ್
7 ನವೆಂಬರ್ 2010

ಲೂಆನ್,

ಬಿಗುಮಾನವೇ. ನೀನು ಕೇಳಿದ್ದಕ್ಕೆ ಇಷ್ಟು ತಿಂಗಳು ಉತ್ತರ ಹುಡುಕಿದೆ, ಬೇರೆ ಸಿಗಲಿಲ್ಲ. ಲೈಲ್ ಸಭೆಯಲ್ಲಿ ಎದ್ದು ನಿಂತವನು. ಅವನಿಗೇ ಮೊದಲು ಹೀಗಾಯಿತೆಂದರೆ ಜನ ಏನೆನ್ನುತ್ತಾರೆ, ನಿನ್ನ ಕೆಲಸಕ್ಕೆ ಏನಾಗುತ್ತದೆ ಎಂದು ಅವನೇ ಬೇಡವೆಂದ. ನಾನೂ ಹೂಂ ಎಂದೆ. ನಿನ್ನ ಮರ್ಯಾದೆ ಕಾಯಲು ಹೋದೆವು ನಾವು.

ಈ ಮಂಗಳವಾರ ಮತ್ತೆ ಸಭೆ ಇತ್ತು. ನೀನು ಬರುತ್ತೀಯ ಎಂದುಕೊಂಡಿದ್ದೆ. ನೀನು ನೀಲಿ ಕೋಟಿನವನೊಬ್ಬನನ್ನು ಕಳಿಸಿದ್ದೆ. ಅವನು ಗೋಡೆಯ ಮೇಲೆ ಚಿತ್ರ ತೋರಿಸಿ, ಖಾತೆಗೆ ಕೈ ಹಾಕದವನೇ ಗೆದ್ದವನು ಎಂದ. ನಿನ್ನ ಮಾತು, ನನಗೆ ಗುರುತು ಸಿಕ್ಕಿತು. ನಾನು ಕಾಫಿಯ ಹೂಜಿ ಕೆಳಗಿಟ್ಟೆ.

"ನನ್ ಗಂಡ ಗೆದ್ದಿದಾನೆ" ಎಂದೆ. "ಮೂರ್ ಸಾವ್ರದ್ ನೂರ್ ನಲ್ವತ್ತು. ಒಂದ್ ಡಾಲರ್ ಮುಟ್ಟಿಲ್ಲ."

ನೀಲಿ ಕೋಟಿನವನಿಗೆ ಪಾಪ ಏನೂ ಗೊತ್ತಿಲ್ಲ. "ಬಹಳ ಒಳ್ಳೇದು ಮೇಡಂ, ಅವ್ರು ಬಂದಿದಾರಾ?" ಎಂದ.

ವರ್ಜಿಲ್ ಬಾಯಿಗೆ ಬಂದದ್ದು ಬೈದ. ನಾನು ಅವನನ್ನು ಕೂರಿಸಿ ಹೇಳಿದೆ. "ನಾನ್ ಯಾರ್ನೂ ಬೈಯಕ್ ಬಂದಿಲ್ಲ. ಎರಡೂ ಹಾಳೆ ಮನೆಗ್ ತಗೊಂಡೋಗಿ. ನಿಮ್ ನಾದಿನಿ ಏನಂತಾಳೆ ನೋಡ್ಬೇಡಿ, ನಿಮ್ಮಪ್ಪ ಹೆಂಗ್ ಸತ್ತ ಅದನ್ ನೋಡಿ. ಗಟ್ಟಿ ಇರೋ ಹುಡುಗ್ರು ಹೊಸಾದೇ ತಗೊಳ್ಳಿ, ಲಾಭನೇ. ಆದ್ರೆ ಯಾವ್ದೇ ತಗೊಳ್ಳಿ, ಎದೆ ಹಿಡ್ದ್ರೆ ಹೋಗ್ರೋ ಡಾಕ್ಟ್ರ ಹತ್ರ. ಕ್ಯಾಲೆಂಡರ್ ನೋಡ್ಬೇಡ್ರಿ."

ಅರವತ್ತೊಂದು ಜನ ಹಳೆಯದಕ್ಕೆ ಹೋದರು. ಇದು ನಿನ್ನ ಗುರಿಗೆ ಪೆಟ್ಟು ಎಂದು ನನಗೆ ಗೊತ್ತು. ಗೊತ್ತಿದ್ದೇ ಮಾಡಿದೆ.

ಆರ್ಡಿಸ್


ಸಿನ್ಸಿನಾಟಿ
29 ನವೆಂಬರ್ 2010

ಅಕ್ಕ,

ಈ ವಾರ ಮಿಲ್ಲಿನ ಪ್ರತಿ ಮನೆಗೂ ಒಂದು ನೋಟೀಸು ಬರುತ್ತದೆ. ಅದಕ್ಕೆ ಮೊದಲು ನನ್ನಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಜನವರಿಯಿಂದ ಹಳೆಯ ವಿಮೆ ಯಾರಿಗೂ ಇಲ್ಲ. ಪೈಕ್ ಬೆಂಡಿನಿಂದ ಅರವತ್ತೊಂದು ಜನ ತಿರುಗಿ ಬಂದರಲ್ಲ, ಎಲ್ಲ ವಯಸ್ಸಾದವರು, ಕಾಯಿಲೆಯವರು. ಅವರ ಹೊರೆ ತಡೆಯಲಾಗದು ಎಂದು ಮೇಲಿನವರು ನಿಲ್ಲಿಸಿಬಿಟ್ಟರು. ಬಹಳ ದಿನದಿಂದ ನೆಪ ಹುಡುಕುತ್ತಿದ್ದರು, ಸಿಕ್ಕಿತು. ನೋಟೀಸಿನ ಕೆಳಗೆ ನನ್ನ ಸಹಿ ಇದೆ.

ನಿನ್ನನ್ನು ಚುಚ್ಚಲು ಹೇಳುತ್ತಿಲ್ಲ. ನೀನು ಹೇಳಿದ್ದು ಸರಿಯಾಗಿಯೇ ಇತ್ತು.

ಆಫೀಸಿನವರಿಗೂ ಇನ್ನು ಒಂದೇ ವಿಮೆ. ಹದಿನೈದು ಡಾಲರಿಗೆ ಸಿಗುತ್ತಿದ್ದ ಕೆಲ್ಸಿಯ ಉಸಿರಿನ ಔಷಧಕ್ಕೆ ಜನವರಿಯಿಂದ ಇನ್ನೂರ ಹತ್ತು, ಮೊದಲ ನಾಲ್ಕು ಸಾವಿರ ಮುಗಿಯುವ ತನಕ. ಡುವೇನ್‌ಗೆ ಆಪರೇಶನ್ ಆದಮೇಲೆ ಅರ್ಧ ದಿನದ ಕೆಲಸ. ನಿನ್ನೆ ನಾನು ಮೇಜಿನ ಮೇಲೆ ಲೆಕ್ಕ ಹಾಕುತ್ತ ಕೂತಿದ್ದೆ. ಕೆಲ್ಸಿ ಹಿಂದೆ ನಿಂತು ನೋಡಿದಳು. "ಅಮ್ಮಾ, ಎರಡು ಸಲ ಎಳ್ಕೊಳ್ಳೋ ಕಡೆ ನಾನು ಒಂದೇ ಸಲ ಎಳ್ಕೋತೀನಿ. ಈಗ್ಲೇ ಹಂಗ್ ಮಾಡ್ತಿದೀನಿ, ಏನೂ ಆಗಲ್ಲ" ಎಂದಳು. ಎರಡು ವಾರದಿಂದ ಮಾಡುತ್ತಿದ್ದಾಳಂತೆ. ನನಗೆ ಗೊತ್ತೇ ಇರಲಿಲ್ಲ.

ಇದನ್ನು ಯಾರಿಗೆ ಹೇಳಿಕೊಳ್ಳಬೇಕೋ ತಿಳಿಯದೆ ನಿನಗೆ ಬರೆದೆ.

ಲೂ


ಪೈಕ್ ಬೆಂಡ್
5 ಡಿಸೆಂಬರ್ 2010

ಲೂಆನ್,

ನೋಟೀಸು ಬಂತು. ವರ್ಜಿಲ್ ತನ್ನದನ್ನು ಒಲೆಗೆ ಹಾಕಿದ. ಸಂಜೆಯವರೆಗೂ ಜನ ನಮ್ಮ ಮನೆಗೆ ಬಂದರು. ಇಬ್ಬರು ನನ್ನಿಂದಲೇ ಹೀಗಾಯಿತು ಎಂದು ಮುಖದ ಮೇಲೇ ಹೇಳಿಹೋದರು. ಇರಲಿ.

ಹುಡುಗಿಗೆ ಎರಡು ಸಲ ಎಂದರೆ ಎರಡು ಸಲವೇ ಕೊಡು. ಅವಳು ಎಳೆದುಕೊಳ್ಳುವುದನ್ನು ಎದುರು ನಿಂತು ನೋಡು. ಏನೂ ಆಗಿಲ್ಲ ಎಂದರೆ ನಂಬಬೇಡ.

ಇದರ ಜೊತೆ ಲೈಲ್‌ನ ಆರೋಗ್ಯ ಖಾತೆಯ ಚೆಕ್ಕು ಇದೆ, ಮೂರು ಸಾವಿರ. ತಂಗಿಯ ಮಗಳಿಗೆ ಇದನ್ನು ಖರ್ಚು ಮಾಡುವಂತಿಲ್ಲ, ನಿಯಮಕ್ಕೆ ವಿರುದ್ಧ ಎಂದು ನೀನು ಹೇಳುತ್ತೀಯ. ನಿನ್ನ ಹಾಳೆಯನ್ನು ನಾನೂ ಓದಿದ್ದೇನೆ. ತೆರಿಗೆ ಕಟ್ಟುತ್ತೇನೆ, ಮೇಲೆ ನೂರಕ್ಕೆ ಹತ್ತರಂತೆ ದಂಡವನ್ನೂ ಕಟ್ಟುತ್ತೇನೆ. ಬರುವ ವರ್ಷದಿಂದ ದಂಡ ಇಪ್ಪತ್ತಾಗುತ್ತದೆ ಎಂದು ಅದರಲ್ಲೇ ಬರೆದಿದೆ. ಹಾಗಾಗಿ ಈಗಲೇ ತೆಗೆದೆ.

ನನ್ನ ಮನಸ್ಸು ತಿಳಿಯಾಗಿದೆ ಎಂದು ತಿಳಿಯಬೇಡ. ಈ ಕ್ರಿಸ್‌ಮಸ್‌ಗೆ ಬರಬೇಡ. ಡುವೇನ್‌ನನ್ನೂ ಕಳಿಸಬೇಡ.

ಚೆಕ್ಕನ್ನು ಕೆಲ್ಸಿಯ ಹೆಸರಿಗೆ ಬರೆದಿದ್ದೇನೆ, ನಿನ್ನ ಹೆಸರಿಗಲ್ಲ.

ಆರ್ಡಿಸ್